ಹಾವು ಉಣ್ಣಲೊಲ್ಲದು
(ಸಂಘದ ವಾರ್ಷಿಕ ಸಮ್ಮೇಲನದಲ್ಲಿ ಮಾಡಿದ ಭಾಷಣ)



ಈ ವೇದಿಕೆಯಿಂದ ಪ್ರತಿವರ್ಷ ದೊಡ್ಡ ದೊಡ್ಡ ವಿಷಯಗಳ ಮೇಲೆ ವ್ಯಾಖ್ಯಾನಗಳಾಗುತ್ತವೆ. ನಾನಾದರೋ ಒಂದು ಹಾವಿನ ಸಂಗತಿಯನ್ನು ಹೇಳಲು ನಿಂತಿರುವೆನು, ತಾವು ಮನ್ನಿಸಬೇಕು.

ಕೆಲವು ವರ್ಷಗಳ ಹಿಂದಿನ ಮಾತು. ಸೋಲಾಪುರದಲ್ಲಿ ಸಿದ್ಧರಾಮೇಶ್ವರನ ಸಂಕ್ರಮಣದ ಜಾತ್ರೆ ಆಗಷ್ಟೆ ಮುಗಿದಿತ್ತು. ನಮ್ಮ ವಿದ್ಯಾರ್ಥಿಯೊಬ್ಬನು ನನ್ನ ಮನೆಯ ಬಾಗಿಲಲ್ಲಿ ಬಂದು ನಿಂತನು. ಅಕ್ಕಲಕೋಟೆಯ ಹತ್ತಿರ ಅವನ ಸೋದರಮಾವನ ಹೊಲ. ಅಲ್ಲಿ ಒಡ್ಡು ಅಗಿಯುವಾಗ ಸಿಕ್ಕ ಕೇರೆಹಾವನ್ನು (ನಮ್ಮ ಮರಾಠಿ ಬಂಧುಗಳು ಇದಕ್ಕೆ ಧಾಮಣವೆನ್ನುವರು) ಅವನು ತಂದು ಗಾಜಿನ ಪೆಟ್ಟಿಗೆಯಲ್ಲಿಟ್ಟು ಸಾಕುತ್ತಿದ್ದನು. “ಸರ, ಹದಿನೆಂಟು ದಿನಾ ಆತ್ರಿ, ಏನೂ ತಿನ್ನವಲ್ದು. ಹಾಲು ಇಟ್ಟೆ, ತತ್ತಿ ಇಟ್ಟೆ, ಕಪ್ಪಿ ಹಿಡದು ಬಿಟ್ಟೆ” ಎಂದು ಹೇಳುವಾಗ ಅವನ ಕಣ್ಣು ತುಂಬಿ ಬಂದವು. ತಾನೂ ಸರಿಯಾಗಿ ಉಣ್ಣುತ್ತಿರಲಿಲ್ಲವೆಂದು ಅವನ ತಾಯಿ ಆಮೇಲೆ ನನಗೆ ಹೇಳಿದರು.

ಹೋಗಿ ನೋಡಿದೆನು. ಪೆಟ್ಟಿಗೆಯು ಕಿಟಕಿಯ ಬದಿಯಲ್ಲಿ ತಣ್ಣನೆಯ ಫರಸಿಯ ಮೇಲಿತ್ತು. ನಾಲ್ಕೂ ಕಡೆ ಗಾಜು, ನಾಲ್ಕೂ ಕಡೆ ಓಣಿಯ ಹುಡುಗರ ಮುಖಗಳು. ಹೊರಗೆ ಬರಲು ಗಾಜಿಗೆ ತಿಕ್ಕಿ ತಿಕ್ಕಿ ಹಾವಿನ ಮೂತಿ ಕೆಂಪಾಗಿತ್ತು. ಮೊದಲ ವಾರದಲ್ಲಿ ಅದರ ಕಣ್ಣುಗಳು ಬೆಳ್ಳಗಾದುದನ್ನು ಕಂಡು ಕುರುಡಾಯಿತೆಂದು ಬಗೆದು ಹುಡುಗನು ಔಷಧದ ಹನಿಗಳನ್ನೂ ಹಾಕಿದ್ದನಂತೆ! ಅದು ರೋಗವಲ್ಲ. ಪೊರೆ ಬಿಡುವ ಮೊದಲು ಹಾವಿನ ಕಣ್ಣು ಹೀಗೆಯೇ ಮಬ್ಬಾಗುವದು. ಆ ದಿನಗಳಲ್ಲಿ ಬಹುತೇಕ ಹಾವುಗಳು ಆಹಾರವನ್ನು ಮುಟ್ಟುವದಿಲ್ಲ.

ಚಳಿಯ ಮಾತನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಮೈಯ ಬಿಸಿಯನ್ನು ನಾವು ಉಂಡ ಅನ್ನವೇ ಹುಟ್ಟಿಸುವದು; ಹಾವು ಅದನ್ನು ಬಿಸಿಲಿನಿಂದ, ಮಣ್ಣಿನಿಂದ ಪಡೆಯಬೇಕು. ಬೇಸಿಗೆಯಲ್ಲಿ 40 ಡಿಗ್ರಿ ದಾಟುವ ನಮ್ಮ ಸೋಲಾಪುರದಲ್ಲಿಯೂ ಪುಷ್ಯಮಾಸದ ರಾತ್ರಿ 15-16ಕ್ಕೆ ಇಳಿಯುವದುಂಟು. ಆ ತಂಪಿನಲ್ಲಿ ಇಲಿಯನ್ನು ನುಂಗಿದರೆ ಅದು ಜೀರ್ಣವಾಗದೆ ಹೊಟ್ಟೆಯಲ್ಲಿಯೇ ಕೊಳೆಯುವದು. ಹಾಗಾಗಿ ಹಾವು ಉಣ್ಣದಿರುವದು ಹಟವಲ್ಲ, ವಿವೇಕ. ಆಫ್ರಿಕೆಯಿಂದ ಬಂದ ಬಾಲ್ ಪೈಥನ್ ಎಂಬ ಹೆಬ್ಬಾವನ್ನು ಪರದೇಶಗಳಲ್ಲಿ ಅನೇಕರು ಸಾಕುವರು. ಅದು ಎಷ್ಟೋ ಸಲ ತಿಂಗಳುಗಟ್ಟಲೆ ಉಪವಾಸವಿರುವದು. ಬಲ್ಲವರು ಆಗ ಬಾಯಿಗೆ ತುರುಕುವದಿಲ್ಲ. ಪೆಟ್ಟಿಗೆಯ ಒಂದು ಬದಿಗೆ ಹಿತವಾದ ಶಾಖ, ಮೈ ಹುದುಗಿಸಿಕೊಳ್ಳಲು ಕತ್ತಲೆಯ ಗೂಡು, ನೀರು, ಇಷ್ಟನ್ನು ಕೊಟ್ಟು ಕೈ ಹಿಂದೆಗೆದುಕೊಳ್ಳುವರು. ಮೈ ಸೊರಗಿ ಬೆನ್ನೆಲುಬು ಎದ್ದು ಕಂಡರೆ ಮಾತ್ರ ಪಶುವೈದ್ಯರ ಬಳಿಗೆ ಒಯ್ಯುವರು.

ಇನ್ನು ಹಾಲು. ಬಸವಣ್ಣನವರ ವಚನವು ನಮ್ಮ ಮಕ್ಕಳಿಗೆಲ್ಲ ಬಾಯಿಪಾಠವಿರುವದು. ನಾನು ಮತ್ತೆ ಹೇಳಬೇಕಾದುದಿಲ್ಲ. ಹಾಲು ಹಾವಿನ ಆಹಾರವಲ್ಲ. ಪಂಚಮಿಯ ದಿನ ಹಾವಾಡಿಗನ ಬುಟ್ಟಿಯ ನಾಗರ ಹಾಲು ಕುಡಿಯುವದನ್ನು ನೀವು ಕಂಡಿರಬಹುದು. ಎಷ್ಟೋ ದಿನ ನೀರಿಲ್ಲದೆ ಒಣಗಿಸಿದ ಜೀವವದು. ದ್ರವವಾದ ಏನನ್ನಿಟ್ಟರೂ ಕುಡಿದೀತು. ಹಲ್ಲು ಕಿತ್ತು, ಕೆಲವೊಮ್ಮೆ ಬಾಯಿಯನ್ನೇ ಹೊಲಿದಿರುವದೂ ಉಂಟು. ಹಾಲು ಶ್ವಾಸಕೋಶಕ್ಕೆ ಇಳಿದರೆ ಅದಕ್ಕೆ ಸಾವೇ ಗತಿ. ಅಂಥ ಹಾವು ಉಣ್ಣಲೊಲ್ಲದೆಂದು ಹೇಳುವದಕ್ಕೆ ನಮಗೆ ನಾಚಿಕೆಯಾಗಬೇಕು.

ಹುಡುಗನಿಗೆ ನಾನು ಹೇಳಿದುದು ಇಷ್ಟೇ. ಪೆಟ್ಟಿಗೆಯ ಮೇಲೆ ಕಂಬಳಿ ಹೊದಿಸು, ಒಡೆದ ಗಡಿಗೆಯೊಂದನ್ನು ಒಳಗೆ ಬೋರಲು ಹಾಕು, ಅಗಲವಾದ ಬಟ್ಟಲಿನಲ್ಲಿ ನೀರಿಡು, ಯಾರೂ ಮುಟ್ಟಬೇಡಿರಿ. ಗಡಿಗೆಯ ಉಪಾಯ ನನ್ನದಲ್ಲ. ತಮಿಳುನಾಡಿನಲ್ಲಿ ಇರುಳರು 1978ರಲ್ಲಿ ಕಟ್ಟಿದ ಸಹಕಾರಿ ಸಂಘದಲ್ಲಿ ವಿಷ ತೆಗೆಯಲು ತಂದ ಹಾವುಗಳನ್ನು ಮಣ್ಣಿನ ಗಡಿಗೆಗಳಲ್ಲಿಯೇ ಇಡುವರು, ಕೆಲವು ವಾರಗಳಾದ ಮೇಲೆ ಕಾಡಿಗೆ ಬಿಡುವರು. ನಮ್ಮ ಕೇರೆಯು ಗಡಿಗೆಯೊಳಗೆ ಸುರುಳಿ ಸುತ್ತಿಕೊಂಡಿತು. ಆ ರಾತ್ರಿಯೇ ನೀರು ಕುಡಿಯಿತು. ಇಲಿಯನ್ನು ಮಾತ್ರ ಮುಟ್ಟಲಿಲ್ಲ.

ಆಗ ಕಠಿಣವಾದ ಮಾತನ್ನು ಹೇಳಲೇಬೇಕಾಯಿತು. 1972ರ ವನ್ಯಜೀವಿ ಸಂರಕ್ಷಣೆಯ ಕಾಯದೆಯಂತೆ ಇದನ್ನು ಹಿಡಿದು ಸಾಕುವದೇ ಅಪರಾಧ. ಹುಡುಗನು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, “ಬಿಟ್ರ ಉಣ್ತದೇನ್ರಿ, ಸರ?” ಎಂದನು. ಉಣ್ಣುವದೆಂದು ನಾನು ಹೇಳಿದೆನು. ಅಷ್ಟು ಧೈರ್ಯವಾಗಿ ಹೇಳಲು ನನಗೆ ಆಧಾರವಿರಲಿಲ್ಲ.

ಅರಣ್ಯ ಇಲಾಖೆಗೆ ತಿಳಿಸಿದೆವು. ಅವರ ಸಿಬ್ಬಂದಿಯವರೊಡನೆ ಒಂದು ಮಧ್ಯಾಹ್ನ, ಬಿಸಿಲು ಚೆನ್ನಾಗಿ ಕಾದಾಗ, ಅದೇ ಒಡ್ಡಿನ ಬಳಿಗೆ ಹೋದೆವು. ಚೀಲದ ಬಾಯಿ ಬಿಚ್ಚಿದೊಡನೆ ಹಾವು ಒಂದು ಗಳಿಗೆ ನಾಲಿಗೆ ಚಾಚಿ, ಬಿಸಿ ಮಣ್ಣಿನ ಮೇಲೆ ಮೈ ನೀಡಿ ಮಲಗಿತು. ಬಳಿಕ ಜೋಳದ ಸಾಲಿನೊಳಗೆ ಹೊಕ್ಕು ಕಾಣದಾಯಿತು. ಆ ಹೊಲದಲ್ಲಿ ಇಲಿಗಳಿಗೆ ಕೊರತೆಯಿರಲಿಲ್ಲವೆಂದು ಸೋದರಮಾವನು ನಗುತ್ತ ಹೇಳಿದನು. ಹುಡುಗನು ಸಾಲಿನ ತುದಿಯಲ್ಲಿ ಕುಳಿತು ಬಹಳ ಹೊತ್ತು ನೋಡುತ್ತಿದ್ದನು. ಹೊತ್ತು ಮುಳುಗುವಾಗ ಅವನನ್ನು ಎಬ್ಬಿಸಿಕೊಂಡು ಮಾವನ ಮನೆಗೆ ಬಂದೆವು. ಅತ್ತೆಯು ಬಡಿಸಿದ ರೊಟ್ಟಿಯನ್ನು ಅವನು ಎರಡು ಸಲ ಕೇಳಿ ಹಾಕಿಸಿಕೊಂಡನು.