ಎತ್ತರವೂ ನೆರಳೂ

ಬೇಸಗೆಯಲ್ಲಿ ಮಂಗಳೂರಿನಿಂದ ಬೆಂಗಳೂರಿನ ನಮ್ಮ ಮನೆಗೆ ಬರುವ ನನ್ನ ಭಾವನವರು, ಹೊಸ್ತಿಲು ದಾಟಿದೊಡನೆ "ಅಬ್ಬ, ಇಲ್ಲಿ ಮನುಷ್ಯ ಬದುಕಬಹುದು ಮಾರಾಯ್ರೆ!" ಎನ್ನುವುದು ವಾಡಿಕೆ. ಹಠಕ್ಕೆ ಬಿದ್ದು ನಾನೊಮ್ಮೆ ಪತ್ರಿಕೆ ತೆಗೆದು ತೋರಿಸಿದೆ. ಹಿಂದಿನ ದಿನದ ಗರಿಷ್ಠ ಉಷ್ಣತೆ ಎರಡೂ ಊರುಗಳಲ್ಲಿ 34 ಡಿಗ್ರಿಯೇ. ಭಾವನವರು ಅದನ್ನು ಮಡಿಸಿಟ್ಟು, "ಪೇಪರು ಬೆವರುವುದಿಲ್ಲವಲ್ಲ" ಎಂದರು.

ಅವರ ಮಾತೇ ಸರಿ. ಒಳಗಿನ 37 ಡಿಗ್ರಿಯನ್ನು ಕಾಪಾಡಿಕೊಳ್ಳಲು ಮೈ ತನ್ನ ಬೆವರನ್ನು ಆರಿಸಿಕೊಳ್ಳಬೇಕು. ಕಡಲಂಚಿನ ಗಾಳಿಯಲ್ಲಿ ನೀರಾವಿ ಮೊದಲೇ ತುಂಬಿರುತ್ತದೆ. ಅಲ್ಲಿ ಬೆವರು ಹರಿದೀತು, ಬೇಗ ಆರದು. ಆರದ ಬೆವರಿನಿಂದ ತಂಪಿಲ್ಲ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರು, ಹಳೆಯ ಲೆಕ್ಕದಲ್ಲಿ ಮೂರು ಸಾವಿರ ಅಡಿ ಮೇಲಿದೆ. ಮೇಲೇರಿದ ಗಾಳಿ ಒತ್ತಡ ಕಡಿಮೆಯಾಗಿ ಹಿಗ್ಗುತ್ತದೆ, ಹಿಗ್ಗಿದಂತೆ ತಣಿಯುತ್ತದೆ. ಸಾವಿರ ಮೀಟರಿಗೆ ಸರಾಸರಿ ಆರೂವರೆ ಡಿಗ್ರಿ ಇಳಿತ. ಹಾಗಾದರೆ ಹಗಲಿನ ಅಂಕಿ ಎರಡೂ ಕಡೆ ಒಂದೇ ಏಕೆ ಎಂದು ನೀವು ಕೇಳಬಹುದು. ಮಂಗಳೂರಿನ ಹಗಲು ಅತಿಯಾಗಿ ಕಾಯದಂತೆ ಕಡಲು ತಡೆಯುತ್ತದೆ. ಒಳನಾಡಿನ ಬೆಂಗಳೂರಿಗೆ ಆ ಭಾಗ್ಯವಿಲ್ಲ. ಎತ್ತರದ ಗುಣ ಕಾಣುವುದು ರಾತ್ರಿಯಲ್ಲಿ. ಏಪ್ರಿಲ್ ತಿಂಗಳ ರಾತ್ರಿ ಮಂಗಳೂರಿನ ಉಷ್ಣತೆ 25ರ ಆಸುಪಾಸಿನಲ್ಲೇ ನಿಂತರೆ, ಬೆಂಗಳೂರಿನದು ಸಾಮಾನ್ಯವಾಗಿ 22ರ ಹತ್ತಿರಕ್ಕೆ ಇಳಿಯುತ್ತದೆ. ನಿದ್ದೆ ಬರುತ್ತದೆ.

ಎತ್ತರವನ್ನು ಯಾರೂ ಕದಿಯಲಾರರು. ನೆಲದ ಹೊದಿಕೆಯ ಮಾತು ಹಾಗಲ್ಲ. ಬೆಂಗಳೂರಿನ ಬೀದಿಮರಗಳ ಬಗೆಗೆ 2013ರಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಮರಗಳಿಲ್ಲದ ರಸ್ತೆಗಿಂತ ಮರಗಳಿರುವ ರಸ್ತೆಯಲ್ಲಿ ಮಧ್ಯಾಹ್ನದ ಗಾಳಿ 5.6 ಡಿಗ್ರಿಯವರೆಗೆ ತಂಪು. ಡಾಂಬರಿನ ಮೈ 27.5 ಡಿಗ್ರಿಯವರೆಗೆ ತಂಪು! ಮೂರು ಸಾವಿರ ಅಡಿ ಹತ್ತಿ ಪಡೆಯುವ ತಂಪಿಗೆ ಇದು ಹೆಚ್ಚುಕಡಿಮೆ ಸಮ. ನೆರಳಷ್ಟೇ ಇದಕ್ಕೆ ಕಾರಣವಲ್ಲ. ಬೇರಿನಿಂದ ಹೀರಿದ ನೀರನ್ನು ಎಲೆಗಳು ಆವಿ ಮಾಡುತ್ತವೆ. ಮರವೂ ಒಂದು ರೀತಿಯಲ್ಲಿ ಬೆವರುತ್ತದೆ ಎನ್ನಿ.

ಹವಾಮಾನ ಇಲಾಖೆಯ ಉಷ್ಣಮಾಪಕ ಗಾಳಿಯಾಡುವ ಬಿಳಿ ಪೆಟ್ಟಿಗೆಯ ನೆರಳಿನಲ್ಲಿರುತ್ತದೆ. ಅದು ಅಳೆಯುವುದು ಗಾಳಿಯ ಬಿಸಿಯನ್ನು ಮಾತ್ರ. ಕಾದ ರಸ್ತೆ ಕೆಳಗಿನಿಂದಲೂ, ಗೋಡೆ ಪಕ್ಕದಿಂದಲೂ, ಸೂರ್ಯ ನೆತ್ತಿಯ ಮೇಲಿನಿಂದಲೂ ಎಸೆಯುವ ಕಾವನ್ನು ತಾಳಿಕೊಳ್ಳಬೇಕಾದವನು ದಾರಿಹೋಕ. ಕಾಂಕ್ರೀಟಾದರೋ ಹಗಲು ಕುಡಿದ ಬಿಸಿಯನ್ನು ರಾತ್ರಿ ನಿಧಾನವಾಗಿ ಬಿಡುತ್ತದೆ. ಎತ್ತರ ನಮಗೆ ಕೊಟ್ಟ ತಂಪು ರಾತ್ರಿಗೇ ಅದು ಕೈಹಾಕುತ್ತದೆ.

ನಮ್ಮ ಬಡಾವಣೆಯ ಮುಖ್ಯರಸ್ತೆಯನ್ನು ಅಗಲಮಾಡಲು ಎರಡು ಸಾಲು ಮರಗಳನ್ನು ಕಡಿದರು. ರಸ್ತೆ ಅಗಲವಾಗಿದೆ, ಸುಳ್ಳೇಕೆ ಹೇಳಲಿ. ನನ್ನ ಸ್ಕೂಟರಿಗೂ ಅನುಕೂಲವೇ. ಆದರೆ ಅಲ್ಲಿ ಬೆಳಗಿನಿಂದ ಸಂಜೆಯವರೆಗೆ ಹೂ ಕಟ್ಟುತ್ತಿದ್ದ ಅಜ್ಜಿ ಈಗ ಹತ್ತು ಗಂಟೆಗೇ ಬುಟ್ಟಿ ಎತ್ತುತ್ತಾಳೆ, ಮತ್ತೆ ಬರುವುದು ಹೊತ್ತು ಇಳಿದ ಮೇಲೆ. "ಮಲ್ಲಿಗೇನೂ ಬಾಡ್ತದೆ, ನಾನೂ ಬಾಡ್ತೀನಿ ಸ್ವಾಮಿ" ಎಂದಳು.

ಈ ಬೇಸಗೆ ಭಾವನವರು ಬಸ್ಸಿಳಿದು ಅದೇ ರಸ್ತೆಯಲ್ಲಿ ನಡೆದು ಬಂದರು. ವಾಡಿಕೆಯ ಮಾತು ಬರಲಿಲ್ಲ. ಕುಡಿಯಲು ನೀರು ಕೇಳಿದರು.