ಹೆದರಿಕೆಗೆ ಹುಟ್ಟಿದ ಅನುದಾನ

(ಯುವಕ ಮತ್ತು ಯುವತಿ ಮಂಡಲಗಳ ಪದಾಧಿಕಾರಿಗಳ ಶಿಬಿರವೊಂದರಲ್ಲಿ ನಮ್ಮ ವರದಿಗಾರ ಮಾಡಿದ ಭಾಷಣದ ಬರಹರೂಪ)



ಯುವಜನ ಕೇಂದ್ರಗಳಿಗೆ ಸರ್ಕಾರ ಕೊಡುವ ಹಣದ ಬಗ್ಗೆ ಮಾತನಾಡಿ ಎಂದಿದ್ದೀರಿ. ಅರ್ಜಿ ಎಲ್ಲಿ ಕೊಡಬೇಕು, ಯಾವ ಯಾವ ದಾಖಲೆ ಬೇಕು ಎಂಬುದನ್ನು ಇಲಾಖೆಯವರು ಮಧ್ಯಾಹ್ನದ ಗೋಷ್ಠಿಯಲ್ಲಿ ಹೇಳುತ್ತಾರೆ. ಇಂಥ ಹಣ ಬರುವುದು ಯಾಕೆ, ನಿಂತುಹೋಗುವುದು ಯಾಕೆ ಎಂಬುದಷ್ಟೇ ನನ್ನ ಕುತೂಹಲ. ಅದಕ್ಕಾಗಿ ಇಂಗ್ಲೆಂಡಿನ ಕಥೆ ಹೇಳುತ್ತೇನೆ. ಊರ ಮಾತು ಬಿಟ್ಟು ಈ ಹುಡುಗ ಸಮುದ್ರದಾಚೆ ಹೊರಟನಲ್ಲ ಎಂದುಕೊಳ್ಳಬೇಡಿ. ಆ ದೇಶ ತನ್ನ ಹುಡುಗ ಹುಡುಗಿಯರಿಗೆ ಸರ್ಕಾರಿ ಖರ್ಚಿನಲ್ಲಿ ಕ್ಲಬ್ ಕಟ್ಟಿತು, ಸಂಬಳ ಕೊಟ್ಟು ಜನರನ್ನಿಟ್ಟಿತು, ಆಮೇಲೆ ತಾನೇ ಮುಚ್ಚಿತು. ಕಟ್ಟಿದ್ದಕ್ಕೂ ಮುಚ್ಚಿದ್ದಕ್ಕೂ ಲೆಕ್ಕ ಇಟ್ಟಿದೆ. ನಾವು ತಿರುವಿ ನೋಡಬಹುದಾದ ಲೆಕ್ಕ ಅದು.

ಮೊದಲಿಗೆ ಇದು ಸರ್ಕಾರದ ಕೆಲಸವೇ ಆಗಿರಲಿಲ್ಲ. ವೈ.ಎಂ.ಸಿ.ಎ. 1844ರಲ್ಲಿ ಲಂಡನ್ನಿನಲ್ಲಿ ಹುಟ್ಟಿತು. ಹಳ್ಳಿಯಿಂದ ಪಟ್ಟಣಕ್ಕೆ ಬಂದು ಅಂಗಡಿಗಳಲ್ಲಿ ದುಡಿಯುತ್ತಿದ್ದ ಯುವಕರಿಗಾಗಿ ದಾನಿಗಳು ಮಾಡಿದ್ದು. ಬೇಡನ್ ಪೊವೆಲ್‌ನ ಸ್ಕೌಟ್ ಚಳವಳಿ ಬಂದದ್ದು 1908ರ ಹೊತ್ತಿಗೆ. ಸರ್ಕಾರ ಇತ್ತ ಕಣ್ಣು ಹಾಯಿಸಿದ್ದು ಮೊದಲ ಮಹಾಯುದ್ಧದ ನಡುವೆ, 1916ರಲ್ಲಿ. ಅಪ್ಪಂದಿರು ರಣರಂಗಕ್ಕೆ ಹೋಗಿದ್ದಾರೆ, ಬೀದಿಯಲ್ಲಿ ಹುಡುಗರ ಪುಂಡಾಟ ಹೆಚ್ಚಿದೆ ಎಂಬ ಗಾಬರಿಯಿಂದ ಗೃಹ ಖಾತೆ ಸಮಿತಿಗಳನ್ನು ಮಾಡಿತು. ಯುದ್ಧ ಮುಗಿಯಿತು, ಗಾಬರಿಯೂ ತಣ್ಣಗಾಯಿತು. ಮತ್ತೆ ನೆನಪಾದದ್ದು 1939ರ ನವೆಂಬರಿನಲ್ಲಿ, ಎರಡನೆಯ ಮಹಾಯುದ್ಧ ಶುರುವಾಗಿ ಮೂರು ತಿಂಗಳೂ ತುಂಬಿರಲಿಲ್ಲ. ಶಿಕ್ಷಣ ಮಂಡಳಿ 1486ನೇ ನಂಬರಿನ ಸುತ್ತೋಲೆ ಹೊರಡಿಸಿ, ಪ್ರತಿ ಸ್ಥಳೀಯ ಶಿಕ್ಷಣ ಪ್ರಾಧಿಕಾರವೂ ಯುವಜನ ಸಮಿತಿ ರಚಿಸಬೇಕೆಂದಿತು. ಆ ಸುತ್ತೋಲೆಯ ಹೆಸರು ‘ಯುವಜನರ ಸೇವೆ’. ಯುವಜನರಿಗೆ ಸಲ್ಲಬೇಕಾದ ಸೇವೆ ಎಂದು ಅದರ ಅರ್ಥ. ಈ ಹೆಸರು ಸ್ವಲ್ಪ ನೆನಪಿನಲ್ಲಿರಲಿ, ಆಮೇಲೆ ಬೇಕಾಗುತ್ತದೆ.

ಯುದ್ಧಾನಂತರ ಹತ್ತು ಹನ್ನೆರಡು ವರ್ಷ ಅಂಥದ್ದೇನೂ ನಡೆಯಲಿಲ್ಲ. ವರದಿಗಳು ಬಂದವು, ಕಪಾಟು ಸೇರಿದವು. ನಮಗೇನೂ ಹೊಸದಲ್ಲ ಬಿಡಿ.

ನಿಜವಾದ ಸುಗ್ಗಿ 1960ರದು. ಅದರ ಹಿಂದಿನ ಕಾರಣಗಳು ಸ್ವಾರಸ್ಯವಾಗಿವೆ. ಹುಡುಗರೆಲ್ಲ ಕಡ್ಡಾಯವಾಗಿ ಸೈನ್ಯದಲ್ಲಿ ದುಡಿಯಬೇಕೆಂಬ ಪದ್ಧತಿಯನ್ನು ನಿಲ್ಲಿಸುವುದೆಂದು 1957ರಲ್ಲಿ ತೀರ್ಮಾನವಾಯಿತು. ಹದಿನೆಂಟು ದಾಟಿದ ಹುಡುಗರನ್ನು ಇನ್ನು ಬ್ಯಾರಕ್ಕಿಗೆ ಕಳುಹಿಸುವಂತಿಲ್ಲ. ಯುದ್ಧ ಮುಗಿದಾಗ ಹುಟ್ಟಿದ ಮಕ್ಕಳ ದೊಡ್ಡ ದಂಡು ಆಗ ಹದಿಹರೆಯಕ್ಕೆ ಕಾಲಿಡುತ್ತಿತ್ತು. ಕೈಯಲ್ಲಿ ಸಂಬಳ, ಮೈಮೇಲೆ ಉದ್ದನೆಯ ಕೋಟು, ಕಿವಿಯಲ್ಲಿ ರಾಕ್ ಅಂಡ್ ರೋಲ್. ಟೆಡ್ಡಿ ಬಾಯ್ ಎಂದು ಕರೆಸಿಕೊಂಡ ಈ ಹುಡುಗರನ್ನು ಕಂಡರೆ ಪತ್ರಿಕೆಗಳಿಗೆ ಭಯ, ಓದುಗರಿಗೆ ಇನ್ನೂ ಭಯ. 1958ರ ಆಗಸ್ಟ್ ಕೊನೆಗೆ ಲಂಡನ್ನಿನ ನಾಟಿಂಗ್ ಹಿಲ್‌ನಲ್ಲಿ ಕೆರಿಬಿಯನ್ ದ್ವೀಪಗಳಿಂದ ಬಂದು ನೆಲೆಸಿದ್ದವರ ಮೇಲೆ ಬಿಳಿಯ ಯುವಕರ ಗುಂಪುಗಳು ಎರಗಿದವು. ಅದೇ ನವೆಂಬರಿನಲ್ಲಿ ಸರ್ಕಾರ ಆಲ್ಬೆಮಾರ್ಲ್ ಸಮಿತಿಯನ್ನು ನೇಮಿಸಿತು.

1960ರ ಫೆಬ್ರವರಿಯಲ್ಲಿ ಬಂದ ಆ ವರದಿಯನ್ನು ಓದಿದರೆ ಆಶ್ಚರ್ಯವಾಗುತ್ತದೆ. ಸಮಿತಿ ಹುಟ್ಟಿದ್ದು ಹೆದರಿಕೆಯಿಂದ. ವರದಿಯಲ್ಲಿ ಮಾತ್ರ ಹೆದರಿಕೆಯ ಧ್ವನಿ ಇಲ್ಲ. ಸದಸ್ಯರಲ್ಲಿ ರಿಚರ್ಡ್ ಹೊಗಾರ್ಟ್ ಇದ್ದರು. ಕಾರ್ಮಿಕರ ಕೇರಿಯಲ್ಲೇ ಬೆಳೆದು ಆ ಬದುಕಿನ ಬಗ್ಗೆ ಬರೆದ ವಿದ್ವಾಂಸ. ಯುವಜನರಿಗೆ ಮೂರು ವಸ್ತು ಬೇಕು ಎಂದಿತು ವರದಿ: ಒಡನಾಟ, ತರಬೇತಿ, ಸವಾಲು. ಒಡನಾಟವನ್ನು ಮೊದಲು ಹೇಳಿದ್ದು ನನಗೆ ಮುಖ್ಯವಾಗಿ ಕಾಣುತ್ತದೆ. ಏನನ್ನೂ ಕಲಿಯದೆ, ಯಾವ ಸ್ಪರ್ಧೆಗೂ ನಿಲ್ಲದೆ, ಸುಮ್ಮನೆ ಬಂದು ಕುಳಿತು ಹರಟುವ ಜಾಗವೂ ಸಾರ್ವಜನಿಕ ಹಣಕ್ಕೆ ಯೋಗ್ಯ ಎಂದು ಒಪ್ಪಿಕೊಂಡಂತಾಯಿತು. ವರದಿ ಹೊರಬಂದ ದಿನವೇ ಸರ್ಕಾರ ಅದರ ಮುಖ್ಯ ಶಿಫಾರಸುಗಳನ್ನು ಒಪ್ಪಿತು. ಪೂರ್ಣಾವಧಿ ಸಿಬ್ಬಂದಿಯನ್ನು ಸುಮಾರು 700ರಿಂದ 1966ರೊಳಗೆ 1300ಕ್ಕೆ ಏರಿಸಬೇಕೆಂದು ಗುರಿ. ಅವರ ತರಬೇತಿಗಾಗಿಯೇ ಲೆಸ್ಟರ್ ನಗರದಲ್ಲಿ 1961ರಲ್ಲಿ ಕಾಲೇಜು. ಊರೂರಿಗೆ ಹೊಸ ಕಟ್ಟಡ: ಒಳಗೆ ಟೇಬಲ್ ಟೆನಿಸ್, ರೆಕಾರ್ಡ್ ಪ್ಲೇಯರ್, ಕಾಫಿ ಕೌಂಟರ್.

ಇಲ್ಲಿ ಕೆಲಸ ಮಾಡುವವರನ್ನು ಅವರು ಯೂತ್ ವರ್ಕರ್ ಎನ್ನುತ್ತಾರೆ. ಯುವ ಕಾರ್ಯಕರ್ತ ಎಂದು ಕನ್ನಡಿಸಬಹುದಿತ್ತು. ಆದರೆ ನಮ್ಮಲ್ಲಿ ಹಾಗೆಂದರೆ ‘ಯಾವ ಪಕ್ಷದವನು?’ ಎಂದು ಕೇಳುತ್ತಾರೆ. ಆತ ಮೇಷ್ಟರಲ್ಲ, ಪೊಲೀಸಲ್ಲ, ಅಪ್ಪನೂ ಅಲ್ಲ. ಹುಡುಗ ತಾನಾಗಿ ಬಂದರೆ ಉಂಟು, ಬಾರದಿದ್ದರೆ ಇಲ್ಲ. ಹಾಜರಿ ಪುಸ್ತಕ ತೋರಿಸಿ ಗದರಿಸುವಂತಿಲ್ಲ. ಸಂಜೆ ಬಾಗಿಲು ತೆಗೆದು ಕೂರುವುದು, ಯಾರ ಮನೆಯಲ್ಲಿ ಜಗಳ, ಯಾರು ಕೆಲಸ ಕಳೆದುಕೊಂಡ, ಯಾವ ಹುಡುಗಿ ಎರಡು ವಾರದಿಂದ ಬಂದಿಲ್ಲ ಎಂದು ಗಮನಿಸುವುದು ಅವನ ಅಥವಾ ಅವಳ ಕೆಲಸ. ಇದರ ಫಲಿತಾಂಶವನ್ನು ಫೋಟೊ ತೆಗೆದು ಪತ್ರಿಕೆಗೆ ಕಳುಹಿಸುವುದು ಹೇಗೆ?

ಕಾನೂನು ಏನು ಹೇಳುತ್ತದೆ ನೋಡಿ. 1944ರ ಶಿಕ್ಷಣ ಕಾಯ್ದೆ ಸ್ಥಳೀಯ ಪ್ರಾಧಿಕಾರಗಳ ಮೇಲೆ ಈ ಹೊಣೆ ಹೊರಿಸಿತು, ಆದರೆ ಎಷ್ಟು, ಏನು ಎಂದು ಬಿಡಿಸಿ ಹೇಳಲಿಲ್ಲ. 2006ರಲ್ಲಿ ತಿದ್ದುಪಡಿಯಾಗಿ ಬಂದ 507ಬಿ ಕಲಮು 13ರಿಂದ 19 ವಯಸ್ಸಿನವರಿಗೆ ಬಿಡುವಿನ ವೇಳೆಯ ಚಟುವಟಿಕೆ ಒದಗಿಸಬೇಕು ಎನ್ನುತ್ತದೆ. ಜೊತೆಗೆ ‘ಸಾಧ್ಯವಾದ ಮಟ್ಟಿಗೆ’ ಎಂಬ ಅರ್ಥದ ಮಾತೊಂದನ್ನೂ ಸೇರಿಸಿದೆ. ಆ ಒಂದು ಮಾತಿನಲ್ಲೇ ಇಡೀ ಕಟ್ಟಡ ಕುಸಿಯುವಷ್ಟು ಜಾಗವಿತ್ತು.

2010ರಲ್ಲಿ ಬಂದ ಸರ್ಕಾರ ಮಿತವ್ಯಯ ಎಂದಿತು. ನಗರಸಭೆ, ಕೌಂಟಿ ಸಭೆಗಳಿಗೆ ಬರುವ ಹಣ ಕಡಿತವಾಯಿತು. ವೃದ್ಧರ ಆರೈಕೆ, ಅಪಾಯದಲ್ಲಿರುವ ಮಕ್ಕಳ ರಕ್ಷಣೆ ಇವನ್ನು ಕಾನೂನಿನ ಪ್ರಕಾರ ಕೈಬಿಡುವಂತಿಲ್ಲ. ಹಾಗಾದರೆ ಕತ್ತರಿ ಎಲ್ಲಿಗೆ ಬೀಳಬೇಕು? ವೈ.ಎಂ.ಸಿ.ಎ. ಲೆಕ್ಕ ಹಾಕಿದಂತೆ 2010-11ರಲ್ಲಿ ಇಂಗ್ಲೆಂಡಿನ ಸ್ಥಳೀಯ ಸಂಸ್ಥೆಗಳು ಯುವಜನ ಸೇವೆಗೆ ಸುಮಾರು 140 ಕೋಟಿ ಪೌಂಡ್ ಖರ್ಚು ಮಾಡಿದ್ದವು. 2018-19ರ ಹೊತ್ತಿಗೆ ಅದು ಸುಮಾರು 43 ಕೋಟಿಗೆ ಇಳಿಯಿತು. ನೂರಕ್ಕೆ ಎಪ್ಪತ್ತು ಭಾಗ ಮಾಯ. ಸುಮಾರು 750 ಕೇಂದ್ರಗಳು ಮುಚ್ಚಿದವು, 4500ಕ್ಕೂ ಹೆಚ್ಚು ಯೂತ್ ವರ್ಕರ್ ಹುದ್ದೆಗಳು ಹೋದವು.

ಉತ್ತರ ಲಂಡನ್ನಿನ ಹ್ಯಾರಿಂಗೆ ಎಂಬ ವಿಭಾಗದಲ್ಲಿ ಹದಿಮೂರು ಕ್ಲಬ್‌ಗಳ ಪೈಕಿ ಎಂಟನ್ನು ಮುಚ್ಚಿದರು. 2011ರ ಜುಲೈ ಕೊನೆಗೆ ‘ಗಾರ್ಡಿಯನ್’ ಪತ್ರಿಕೆ ಅಲ್ಲಿನ ಹುಡುಗರನ್ನು ಮಾತನಾಡಿಸಿ ಒಂದು ಕಿರುಚಿತ್ರ ಮಾಡಿತು. ಹೋಗಲು ಜಾಗವಿಲ್ಲ, ಗಲಭೆಯಾಗುತ್ತದೆ ಎಂದು ಹುಡುಗನೊಬ್ಬ ಅದರಲ್ಲಿ ಹೇಳಿದ. ವಾರ ಕಳೆಯುವುದರೊಳಗೆ, ಆಗಸ್ಟ್ 6ರಂದು, ಅದೇ ಹ್ಯಾರಿಂಗೆಯ ಟಾಟೆನ್‌ಹ್ಯಾಮ್‌ನಲ್ಲಿ ಬೆಂಕಿ ಬಿತ್ತು. ಗಲಭೆ ಇಂಗ್ಲೆಂಡಿನ ಬೇರೆ ನಗರಗಳಿಗೂ ಹಬ್ಬಿತು. ಕ್ಲಬ್ ಮುಚ್ಚಿದ್ದೇ ಗಲಭೆಗೆ ಕಾರಣ ಎಂದು ನಾನು ಹೇಳುವುದಿಲ್ಲ. ಪೊಲೀಸರ ಗುಂಡಿಗೆ ಒಬ್ಬ ಯುವಕ ಸತ್ತದ್ದು ಅದರ ಕಿಡಿ. ಆದರೆ ಒಂದು ವಾರ ಮೊದಲು ಹುಡುಗರು ಏನು ಹೇಳುತ್ತಿದ್ದರು ಎಂಬುದು ದಾಖಲೆಯಲ್ಲಿದೆ.

ಹಣ ಪೂರ್ತಿ ಬತ್ತಿತೆಂದಲ್ಲ. ಅದೇ 2011ರಲ್ಲಿ ‘ನ್ಯಾಷನಲ್ ಸಿಟಿಜನ್ ಸರ್ವಿಸ್’ ಎಂಬ ಹೊಸ ಯೋಜನೆ ಪ್ರಯೋಗವಾಗಿ ಶುರುವಾಯಿತು. 15ರಿಂದ 17 ವಯಸ್ಸಿನವರಿಗೆ ಬೇಸಗೆಯಲ್ಲಿ ಕೆಲವು ವಾರಗಳ ಶಿಬಿರ, ಸಾಹಸ ಚಟುವಟಿಕೆ, ಸಮಾಜಸೇವೆ. ನೋಡಲು ಚೆಂದ. 2014-15ರಿಂದ 2017-18ರವರೆಗೆ ಕೇಂದ್ರ ಸರ್ಕಾರ ಯುವಜನ ಸೇವೆಗೆ ಕೊಟ್ಟ ಹಣದಲ್ಲಿ ನೂರಕ್ಕೆ 95 ಪಾಲು ಇದೊಂದಕ್ಕೇ ಹೋಯಿತು; 2016ರಲ್ಲಿ ಅರ್ಹ ವಯಸ್ಸಿನವರಲ್ಲಿ ಇದಕ್ಕೆ ಸೇರಿದ್ದು ನೂರಕ್ಕೆ ಹನ್ನೆರಡು ಮಂದಿ. ಶಿಬಿರ ಮುಗಿಸಿ ಊರಿಗೆ ಬಂದ ಹುಡುಗನಿಗೆ ಅಲ್ಲಿದ್ದ ಕ್ಲಬ್ಬಿಗೆ ಬೀಗ. 2025ರ ಮಾರ್ಚ್‌ನಲ್ಲಿ ಈ ಯೋಜನೆಯೂ ಮುಗಿಯಿತು.

ಮುಚ್ಚಿದ್ದರ ಬೆಲೆ ಎಷ್ಟು? ‘ಇನ್‌ಸ್ಟಿಟ್ಯೂಟ್ ಫಾರ್ ಫಿಸ್ಕಲ್ ಸ್ಟಡೀಸ್’ 2024ರ ನವೆಂಬರಿನಲ್ಲಿ ಇದನ್ನು ಅಳೆದು ಹೇಳಿತು. 2010ರಿಂದ 2019ರ ನಡುವೆ ಲಂಡನ್ನಿನ ಕ್ಲಬ್‌ಗಳಲ್ಲಿ ನೂರಕ್ಕೆ ಮೂವತ್ತು ಮುಚ್ಚಿದ್ದವು. ಮನೆಯ ಹತ್ತಿರದ ಕ್ಲಬ್ ಕಳೆದುಕೊಂಡ ಮಕ್ಕಳನ್ನು ಉಳಿದವರ ಜೊತೆ ಹೋಲಿಸಿ ನೋಡಿದಾಗ, 16ರ ವಯಸ್ಸಿನ ಪರೀಕ್ಷೆಯಲ್ಲಿ ಅವರ ಅಂಕ ಕುಸಿದಿತ್ತು, ಬಡ ಮನೆಯ ಮಕ್ಕಳದು ಇನ್ನೂ ಹೆಚ್ಚು. 10ರಿಂದ 17 ವಯಸ್ಸಿನವರು ಅಪರಾಧಕ್ಕಿಳಿಯುವ ಸಂಭವ ನೂರಕ್ಕೆ 14ರಷ್ಟು ಏರಿತ್ತು. ಒಂದು ಪೌಂಡ್ ಉಳಿಸಲು ಹೋಗಿ ಸಮಾಜ ತೆತ್ತದ್ದು ಸುಮಾರು ಮೂರು ಪೌಂಡ್. ಉಳಿದದ್ದು ನಗರಸಭೆಯ ಲೆಕ್ಕದಲ್ಲಿ. ಹೋದದ್ದು ಪೊಲೀಸ್, ಜೈಲು, ಆ ಹುಡುಗರ ಮುಂದಿನ ಸಂಪಾದನೆ ಇವುಗಳ ಲೆಕ್ಕದಲ್ಲಿ. ಪುಸ್ತಕ ಬೇರೆ ಬೇರೆಯಾದ್ದರಿಂದ ಕಡಿತ ಮಾಡಿದವರಿಗೆ ನಷ್ಟ ಕಾಣಲಿಲ್ಲ.

ಈಗ ನಮ್ಮ ಕಡೆಗೆ. ಆ ಸುತ್ತೋಲೆಯ ಹೆಸರನ್ನು ನೆನಪಿಡಿ ಎಂದಿದ್ದೆ. ನಮ್ಮ ದೇಶದ ಯೋಜನೆಗಳು ಹೆಚ್ಚಾಗಿ ಯುವಜನರಿಂದ ಸೇವೆ ಪಡೆಯುವಂಥವು. ಗಾಂಧೀ ಶತಮಾನೋತ್ಸವದ ವರ್ಷ, 1969ರಲ್ಲಿ, ಕಾಲೇಜು ವಿದ್ಯಾರ್ಥಿಗಳಿಗೆ ಎನ್.ಎಸ್.ಎಸ್. ಬಂತು. ಕಾಲೇಜು ಮೆಟ್ಟಿಲು ಹತ್ತದ ಹಳ್ಳಿಯ ಯುವಜನರಿಗೆಂದು 1972ರಲ್ಲಿ ನೆಹರು ಯುವ ಕೇಂದ್ರಗಳು ಬಂದವು, 1987ರಲ್ಲಿ ಅವಕ್ಕೆ ಸ್ವಾಯತ್ತ ಸಂಘಟನೆಯ ರೂಪ ಸಿಕ್ಕಿತು. 2023ರಲ್ಲಿ ಮೈ ಭಾರತ್ ಬಂತು. ರಸ್ತೆ, ಚರಂಡಿ, ಗಿಡ ನೆಡುವುದು, ಜಾಥಾ ಎಲ್ಲಕ್ಕೂ ಮಂಡಲದ ಹುಡುಗರು ಬೇಕು. ಯುವ ಕೇಂದ್ರದ ಸ್ವಯಂಸೇವಕರಿಗೆ ತಿಂಗಳಿಗೆ 5000 ರೂಪಾಯಿ ಗೌರವಧನ, ಅದೂ ಹೆಚ್ಚೆಂದರೆ ಎರಡು ವರ್ಷ ಎಂಬ ನಿಯಮವಿತ್ತು. ಊರಿನ ಹುಡುಗರ ಪರಿಚಯ ಆಗುವ ಹೊತ್ತಿಗೆ ಅವಧಿ ಮುಗಿಯುತ್ತದೆ.

ಇನ್ನು ಕಾನೂನು. 1992ರ 73ನೇ ತಿದ್ದುಪಡಿ ಸಂವಿಧಾನಕ್ಕೆ ಹನ್ನೊಂದನೇ ಅನುಸೂಚಿ ಸೇರಿಸಿ, ಪಂಚಾಯತಿಗಳಿಗೆ ವಹಿಸಬಹುದಾದ 29 ವಿಷಯಗಳನ್ನು ಪಟ್ಟಿ ಮಾಡಿತು. ಮೀನುಗಾರಿಕೆ ಇದೆ, ಸಂತೆ ಜಾತ್ರೆ ಇದೆ, ಮಹಿಳೆ ಮತ್ತು ಮಕ್ಕಳ ಅಭಿವೃದ್ಧಿ ಇದೆ. ಯುವಜನ ಎಂಬ ಮಾತಿಲ್ಲ. ಇಂಗ್ಲೆಂಡಿನ ಕಾಯ್ದೆಯಲ್ಲಿ ‘ಸಾಧ್ಯವಾದ ಮಟ್ಟಿಗೆ’ ಎಂದಾದರೂ ಇತ್ತು.

ಅದೇ ಪಟ್ಟಿಯ ಇಪ್ಪತ್ತನೇ ವಿಷಯ ಗ್ರಂಥಾಲಯ. ನಮ್ಮ ರಾಜ್ಯದಲ್ಲಿ ಅದಕ್ಕೆ 1965ರ ಸಾರ್ವಜನಿಕ ಗ್ರಂಥಾಲಯ ಕಾಯ್ದೆಯ ಬಲವಿದೆ. ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಕರ ವಸೂಲಾಗುತ್ತದೆ. ಕರ ಸರಿಯಾಗಿ ತಲುಪುವುದಿಲ್ಲ ಎಂಬ ದೂರು ಹಳೆಯದೇ. ಆದರೂ ಕೇಳಲು ಒಂದು ಹಕ್ಕಿದೆ. ಗ್ರಾಮ ಪಂಚಾಯಿತಿ ಗ್ರಂಥಾಲಯಗಳು 2019ರಲ್ಲಿ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಗೆ ಬಂದವು, ಈಗ ಅರಿವು ಕೇಂದ್ರ ಎಂಬ ಹೆಸರು ಪಡೆದಿವೆ. ಅಲ್ಲೊಂದು ಕೋಣೆ ಇದೆ, ದೀಪ ಇದೆ, ಬಾಗಿಲು ತೆಗೆಯುವ ಮೇಲ್ವಿಚಾರಕರಿದ್ದಾರೆ. ಶಿಬಿರ ಮುಗಿಸಿ ಊರಿಗೆ ಹೋದ ಮೇಲೆ, ನಿಮ್ಮ ಪಂಚಾಯಿತಿಯ ಅರಿವು ಕೇಂದ್ರದ ಬಾಗಿಲು ಸಂಜೆ ಎಷ್ಟು ಗಂಟೆಗೆ ಹಾಕುತ್ತಾರೆ ಎಂದು ಒಮ್ಮೆ ವಿಚಾರಿಸಿ. ಗದ್ದೆಯಿಂದಲೋ ಗಾರ್ಮೆಂಟ್ಸಿನಿಂದಲೋ ನಿಮ್ಮ ಮಂಡಲದವರು ಮನೆಗೆ ಬರುವುದು ಎಷ್ಟು ಗಂಟೆಗೆ ಎಂಬುದನ್ನೂ ಅದರ ಪಕ್ಕದಲ್ಲಿ ಬರೆದುಕೊಂಡು, ಮುಂದಿನ ಗ್ರಾಮಸಭೆಗೆ ಆ ಚೀಟಿಯನ್ನು ತೆಗೆದುಕೊಂಡು ಹೋಗಿ.