ಚಿನ್ನದ ಲೆಕ್ಕ ಗೊತ್ತು, ಸೌದೆಯ ಲೆಕ್ಕ ಕೇಳಿ
(ಬಂಗಾರಪೇಟೆಯ ಯುವಕರ ಸಭೆಯಲ್ಲಿ ಮಾಡಿದ ಭಾಷಣ)



ಕೆ.ಜಿ.ಎಫ್. ಎಂದರೆ ನಮಗೆಲ್ಲ ಚಿನ್ನವೇ ನೆನಪು. 2001ರಲ್ಲಿ ಗಣಿ ಮುಚ್ಚಿತು. ಎಷ್ಟು ಚಿನ್ನ ಹೋಯಿತು, ಯಾರು ಕೊಂಡೊಯ್ದರು ಎಂದು ಟೀ ಅಂಗಡಿಯಲ್ಲೂ ಹೇಳುತ್ತಾರೆ. ಆ ಚಿನ್ನ ತೆಗೆಯಲು ಎಷ್ಟು ಮರ ಉರಿಯಿತು ಎಂದು ಯಾರಾದರೂ ಕೇಳಿದ್ದೀರಾ?

1864ನೇ ಇಸವಿ ನೆನಪಿಡಿ. ಆಗ ಮೈಸೂರು ಸೀಮೆ ಬ್ರಿಟಿಷ್ ಕಮಿಷನರರ ಕೈಯಲ್ಲಿತ್ತು. ಆ ವರ್ಷ ಜನವರಿಯಲ್ಲಿ ಇಲ್ಲಿಗೊಂದು ಅರಣ್ಯ ಇಲಾಖೆ ಬಂತು. ಆಗಸ್ಟಿನಲ್ಲಿ ಜೋಲಾರಪೇಟೆಯಿಂದ ಬೆಂಗಳೂರಿಗೆ ರೈಲು ಬಂತು. ನೀವು ಕೂತಿರುವ ಈ ಊರಿಗೂ ಕಮಿಷನರ್ ಬೌರಿಂಗನ ಹೆಸರೇ ಬಿತ್ತು, ಬೌರಿಂಗ್‌ಪೇಟೆ ಅಂತ.

ಇಲಾಖೆ ವರ್ಷಕ್ಕೊಂದು ವರದಿ ಬರೆಯುತ್ತಿತ್ತು. ಗಡಿ ಎಷ್ಟು ಮೈಲಿ ಗುರುತಾಯಿತು, ಬೆಂಕಿ ಎಲ್ಲಿ ಬಿತ್ತು, ಮೇವಿನಿಂದ ಎಷ್ಟು ಬಂತು, ಶ್ರೀಗಂಧ ಎಷ್ಟಕ್ಕೆ ಹೋಯಿತು, ಖರ್ಚು ಕಳೆದು ಉಳಿದದ್ದೆಷ್ಟು. 'ಅಪರಾಧ' ಎಂಬ ಬಾಬ್ತೂ ಇರುತ್ತಿತ್ತು. ಕಳ್ಳಸಾಗಣೆ ಮಾತ್ರವಲ್ಲ, ಕಾಯ್ದಿಟ್ಟ ಕಾಡಿಗೆ ಮೇಕೆ ನುಗ್ಗಿದರೂ, ಒಂದು ಹೊರೆ ಸೌದೆ ತಂದರೂ ಅಪರಾಧವೇ. ಚರ್ಮ ಹದಮಾಡುವ ತಂಗಡಿ ಚಕ್ಕೆಯಂಥ ಸಣ್ಣಪುಟ್ಟ ಹುಟ್ಟುವಳಿಯೂ ಸರ್ಕಾರದ ಆದಾಯವಾಯಿತು. ನಮ್ಮಜ್ಜಿಯರು ಸುಮ್ಮನೆ ಆರಿಸಿ ತರುತ್ತಿದ್ದುದಕ್ಕೆ ರಸೀದಿ ಬಂತು! 1900ರಲ್ಲಿ ಇದಕ್ಕೆಲ್ಲ ಮೈಸೂರು ಅರಣ್ಯ ರೆಗ್ಯುಲೇಷನ್ ಎಂಬ ಕಾನೂನೂ ಆಯಿತು. ಅಷ್ಟರಲ್ಲಿ ಕಮಿಷನರ್ ಹೋಗಿ ಮಹಾರಾಜರು ಬಂದು 19 ವರ್ಷವಾಗಿತ್ತು. ವರದಿಯ ನಮೂನೆ ಮಾತ್ರ ಬದಲಾಗಲಿಲ್ಲ.

ಒಂದು ನ್ಯಾಯದ ಮಾತನ್ನೂ ಹೇಳಬೇಕು. ಇಲಾಖೆ ಇಲ್ಲದಿದ್ದರೆ ಗುತ್ತಿಗೆದಾರರು ಕಾಡನ್ನು ಇನ್ನೂ ಬೇಗ ಬೋಳಿಸುತ್ತಿದ್ದರೇನೋ. ಲಾಲ್‌ಬಾಗಿಗೆ 1874ರಲ್ಲಿ ಬಂದ ಜಾನ್ ಕ್ಯಾಮರಾನ್ ದೇಶದೇಶದ ಬೀಜ ತರಿಸಿ, ಇಲ್ಲಿ ಬೇರೂರಿದ ಗಿಡಗಳನ್ನು ಹಂಚಿದ್ದು ಸುಳ್ಳಲ್ಲ.

ಈಗ ಗಣಿಗೆ ಬನ್ನಿ. 1880ರಲ್ಲಿ ಜಾನ್ ಟೇಲರ್ ಕಂಪನಿ ಇಲ್ಲಿ ಕಾಲಿಟ್ಟಿತು. ಕಲ್ಲು ಕುಟ್ಟುವ ಗಿರಣಿಗೆ ಉಗಿ ಬೇಕು, ಉಗಿಗೆ ಬಾಯ್ಲರು, ಬಾಯ್ಲರಿಗೆ ಸೌದೆ, ಕಲ್ಲಿದ್ದಲು. ಕೆಳಗೆ ಸುರಂಗ ಕುಸಿಯದಂತೆ ಕೊಡಲೂ ಮರವೇ. ಮೊದಲೇ ಮಳೆ ಕಡಿಮೆಯ, ವರ್ಷವಿಡೀ ಹರಿಯುವ ಹೊಳೆಯಿಲ್ಲದ ಜಿಲ್ಲೆ ಇದು. 1902ರಲ್ಲಿ ಶಿವನಸಮುದ್ರದಿಂದ ಸುಮಾರು 147 ಕಿಲೋಮೀಟರ್ ತಂತಿ ಎಳೆದು ಗಣಿಗೆ ಕರೆಂಟು ಕೊಟ್ಟರು. ಬೆಂಗಳೂರಿನ ಬೀದಿದೀಪಕ್ಕೆ 1905 ಬರಬೇಕಾಯಿತು. ಅಂದರೆ ಕಾವೇರಿಯ ಮೊದಲ ಬೆಳಕೂ ಗಣಿಗೇ.

ಇದನ್ನೆಲ್ಲ ಬರೆದದ್ದು ಇಂಗ್ಲಿಷಿನಲ್ಲಿ. ಈ ಸೀಮೆಯ ರೈತನಿಗೆ ಕನ್ನಡ, ತೆಲುಗು, ತಮಿಳು ಮೂರೂ ಬರುತ್ತವೆ. ಮೂರೂ ಬಂದರೂ ತನ್ನ ಮೇಕೆಗೆ ಹಾಕಿದ ದಂಡ ಯಾವ ಪುಟದಲ್ಲಿದೆ ಎಂದು ಅವನಿಗೆ ತಿಳಿಯಲಿಲ್ಲ. ಲೂಯಿ ರೈಸ್ ತಮ್ಮ ಮೈಸೂರು ಗೆಜೆಟಿಯರಿನಲ್ಲಿ ಮರಗಳ ಕನ್ನಡ ಹೆಸರು ಕೊಟ್ಟಿದ್ದಾರೆ, ಸಂತೋಷ. ಆದರೆ ಹೊಂಗೆ ಎಂಬ ಹೆಸರು ಪುಸ್ತಕ ಸೇರಿದ ಮಾತ್ರಕ್ಕೆ ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಯುತ್ತಿದ್ದವನ ಮಾತು ಸೇರಿದಂತಾಯಿತೇ?

ಸ್ವಾತಂತ್ರ್ಯ ಬಂದ ಮೇಲೂ ಲೆಕ್ಕದ ಚಾಳಿ ಬಿಡಲಿಲ್ಲ. ಸಾಮಾಜಿಕ ಅರಣ್ಯದ ಹೆಸರಿನಲ್ಲಿ 1980ರ ದಶಕದಲ್ಲಿ ಕೋಲಾರದ ಹೊಲಹೊಲಕ್ಕೂ ನೀಲಗಿರಿ ನುಗ್ಗಿತು. ಎಷ್ಟು ಸಸಿ ನೆಟ್ಟೆವು ಎಂಬುದು ವರದಿಗೆ ಬಂತು, ಬೋರ್‌ವೆಲ್ ಎಷ್ಟು ಅಡಿ ಇಳಿಯಿತು ಎಂಬುದು ರೈತನ ಸಾಲಕ್ಕೆ ಬಂತು. ಹೊಸದಾಗಿ ನೀಲಗಿರಿ ನೆಡಬಾರದೆಂದು ಸರ್ಕಾರ ಹೇಳಿದ್ದು 2017ರಲ್ಲಿ.

ಆದ್ದರಿಂದ ತಮ್ಮಂದಿರೇ, ಬೆಂಗಳೂರಿಗೆ ದಿನಾ ರೈಲಿನಲ್ಲಿ ಹೋಗಿಬರುವ ನಿಮ್ಮಲ್ಲಿ ನಾಲ್ಕು ಜನ ಒಂದು ದಿನ ರಾಜ್ಯ ಪತ್ರಾಗಾರಕ್ಕೆ ಹೋಗಿ. ಹಳೆಯ ಅರಣ್ಯ ವರದಿ ಕೇಳಿ. ಕೋಲಾರ ಜಿಲ್ಲೆಯ ಪುಟಗಳನ್ನಷ್ಟೇ ಕನ್ನಡಕ್ಕೆ ಇಳಿಸಿ. ಉಳಿದವರು ನಿಮ್ಮ ಊರಿನ ಗುಂಡುತೋಪು ಎಷ್ಟಿತ್ತು, ಈಗ ಎಷ್ಟಿದೆ, ಯಾರ ಬೇಲಿಯೊಳಗಿದೆ ಎಂದು ಹಿರಿಯರನ್ನು ಕೇಳಿ ಬರೆದುಕೊಂಡು ಬನ್ನಿ. ಎರಡನ್ನೂ ಪಕ್ಕಪಕ್ಕ ಇಟ್ಟು ಮುಂದಿನ ಸಭೆಯಲ್ಲಿ ಓದೋಣ.